ಪತ್ತೇದಾರನಿಗೆ ಮಾತು ಬಂದಾಗ

ಪತ್ತೇದಾರನ ಕಸುಬೇ ಮಾತು. ಒಬ್ಬೊಬ್ಬರನ್ನೇ ಕೆದಕಬೇಕು, ಸುಳ್ಳನ್ನು ಹೆಕ್ಕಬೇಕು, ಕಡೆಗೆ ಎಲ್ಲರನ್ನೂ ಕೂಡಿಸಿಕೊಂಡು ಕೊಲೆ ಹೇಗಾಯಿತೆಂದು ಬಿಡಿಸಿ ಹೇಳಬೇಕು. ಮೂಕಿಚಿತ್ರದಲ್ಲಿ ಅದಕ್ಕೆಲ್ಲ ಅಡಿಗಡಿಗೆ ಅಕ್ಷರದ ಫಲಕ ಹಿಡಿಯಬೇಕಿತ್ತು. ಹಾಗಾಗಿ ಆ ಕಾಲದ ಹಾಲಿವುಡ್ ರಹಸ್ಯಚಿತ್ರ ತರ್ಕಕ್ಕಿಂತ ನೆರಳನ್ನೇ ಹೆಚ್ಚು ನೆಚ್ಚಿಕೊಂಡಿತು. ಜರ್ಮನಿಯಿಂದ ಬಂದ ಪಾಲ್ ಲೆನಿ 1927ರಲ್ಲಿ ತೆಗೆದ 'ದಿ ಕ್ಯಾಟ್ ಅಂಡ್ ದಿ ಕ್ಯಾನರಿ'ಯಲ್ಲಿ ನಮ್ಮನ್ನು ಹೆದರಿಸುವುದು ಉದ್ದನೆಯ ಪಡಸಾಲೆಯಲ್ಲಿ ಗಾಳಿಗೆ ಉಬ್ಬುವ ಪರದೆಗಳು.

1922ರಲ್ಲಿ ಜಾನ್ ಬ್ಯಾರಿಮೋರ್ ನಾಯಕನಾದ 'ಷರ್ಲಾಕ್ ಹೋಮ್ಸ್' ಬಂತು. ಅದರ ಒಂದು ಚಿಕ್ಕ ಪಾತ್ರದಲ್ಲಿ ವಿಲಿಯಂ ಪೊವೆಲ್ ಮೊದಲ ಸಲ ತೆರೆಯ ಮೇಲೆ ಕಾಣಿಸಿಕೊಂಡ. ಮುಂದೆ ಪತ್ತೇದಾರಿ ಚಿತ್ರ ಬೆಳೆದದ್ದು ಬಹುಮಟ್ಟಿಗೆ ಅವನ ದನಿಯ ಬಲದಿಂದ ಎಂದೇ ನಾನು ನಂಬಿದ್ದೇನೆ. 1929ರ 'ದಿ ಕ್ಯಾನರಿ ಮರ್ಡರ್ ಕೇಸ್' ಅನ್ನು ಮೊದಲು ಮೂಕಿಯಾಗಿ ಚಿತ್ರಿಸಿ, ಆಮೇಲೆ ಮಾತು ಜೋಡಿಸಿದರು. ಅದರಲ್ಲಿ ನಟಿಸಿದ್ದ ಲೂಯಿಸ್ ಬ್ರೂಕ್ಸ್ ದನಿ ಕೊಡಲು ಮರಳಿ ಬರಲು ಒಪ್ಪಲಿಲ್ಲ. ಅವಳ ಪಾತ್ರಕ್ಕೆ ಮಾರ್ಗರೆಟ್ ಲಿವಿಂಗ್‌ಸ್ಟನ್ ದನಿ ಕೊಟ್ಟಳು. ಆ ಹೊಲಿಗೆ ಇಂದಿಗೂ ಕಣ್ಣಿಗೆ ಹೊಡೆಯುತ್ತದೆ. ಪತ್ತೇದಾರ ಫಿಲೋ ವ್ಯಾನ್ಸ್ ಆಗಿದ್ದ ಪೊವೆಲ್‌ನ ಮಾತಿಗೆ ಮಾತ್ರ ಅಂಥ ಹೊಲಿಗೆ ಬೇಕಾಗಲಿಲ್ಲ.

ನಾಲ್ಕೇ ವರ್ಷದಲ್ಲಿ ಎಷ್ಟು ದೂರ ಸಾಗಿದರು! ವಾರ್ನರ್ ಬ್ರದರ್ಸ್‌ಗಾಗಿ ಮೈಕೆಲ್ ಕರ್ಟಿಜ್ ನಿರ್ದೇಶಿಸಿದ 'ದಿ ಕೆನಲ್ ಮರ್ಡರ್ ಕೇಸ್' (1933) ಕೇವಲ 73 ನಿಮಿಷದ್ದು. ಒಳಗಿನಿಂದ ಚಿಲಕ ಹಾಕಿದ ಕೋಣೆ, ಕುರ್ಚಿಯಲ್ಲಿ ಹೆಣ, ಕೈಯಲ್ಲಿ ಪಿಸ್ತೂಲು. ಆತ್ಮಹತ್ಯೆ ಎಂದು ಪೊಲೀಸರು ಕೈತೊಳೆದುಕೊಳ್ಳುವಷ್ಟರಲ್ಲಿ, ಗುಂಡಿಗೆ ಮೊದಲೇ ಇರಿತವಾಗಿತ್ತೆಂದು ತಿಳಿಯುತ್ತದೆ. ಹೊರಗೆ ನಿಂತೇ ಒಳಚಿಲಕ ಹಾಕುವ ಬಗೆಯನ್ನು ವ್ಯಾನ್ಸ್ ಸೂಜಿ-ದಾರ ಹಿಡಿದು ಮಾಡಿ ತೋರಿಸುತ್ತಾನೆ. ಮನೆಗಳ ಪುಟ್ಟ ಮಾದರಿಗಳನ್ನು ಮುಂದಿಟ್ಟುಕೊಂಡು ಘಟನೆಯನ್ನು ವಿವರಿಸುತ್ತಾನೆ. ಮಾತಿನ ಚಿತ್ರವಾದರೂ ಕ್ಯಾಮೆರಾ ಸುಮ್ಮನೆ ಕೂರುವುದಿಲ್ಲ. ಆ ಕಾಲದ ಎಷ್ಟೋ ಟಾಕಿಗಳು ಮೈಕಿಗೆ ಕಟ್ಟಿಹಾಕಿದಂತೆ ಜಡವಾಗಿದ್ದವು ಎನ್ನುವುದನ್ನು ನೆನೆದರೆ ಕರ್ಟಿಜ್‌ನ ಚುರುಕಿಗೆ ಬೆಲೆ ಕಟ್ಟಲಾಗದು.

ಅದೇ ದಶಕದಲ್ಲಿ ಚಾರ್ಲಿ ಚಾನ್ ಸರಣಿಯೂ ಜನಪ್ರಿಯವಾಯಿತು. ಚೀನೀ ಪತ್ತೇದಾರನ ಪಾತ್ರವನ್ನು ಸ್ವೀಡನ್ ಮೂಲದ ವಾರ್ನರ್ ಓಲಾಂಡ್‌ಗೆ ಕೊಟ್ಟದ್ದು ಈಗ ನೋಡುವಾಗ ನೋವಾಗುತ್ತದೆ.

1934ರ 'ದಿ ಥಿನ್ ಮ್ಯಾನ್'ನಲ್ಲಿ ಪೊವೆಲ್‌ಗೆ ಮಿರ್ನಾ ಲಾಯ್ ಜೊತೆಯಾದಳು. ಕೊಲೆಗಾರ ಯಾರೆಂಬ ಕುತೂಹಲಕ್ಕಿಂತ ಗಂಡ-ಹೆಂಡಿರ ಮಾತಿನ ಸರಸವೇ ಜನರನ್ನು ಸೆಳೆಯಿತು. ಐದು ಮುಂದುವರಿಕೆಗಳು ಬಂದವು. ಕಥೆಯ ಮೂಲ ಡ್ಯಾಶಿಯಲ್ ಹ್ಯಾಮೆಟ್‌ನ ಕಾದಂಬರಿ. ಆತ ಪಿಂಕರ್ಟನ್ ಸಂಸ್ಥೆಯಲ್ಲಿ ನಿಜವಾಗಿಯೂ ಪತ್ತೇದಾರನಾಗಿ ದುಡಿದಿದ್ದವನು. ಅವನ 'ದಿ ಮಾಲ್ಟೀಸ್ ಫಾಲ್ಕನ್' ಅನ್ನು ವಾರ್ನರ್ ಬ್ರದರ್ಸ್ 1931ರಲ್ಲೂ 1936ರಲ್ಲೂ ತೆರೆಗೆ ತಂದಿತ್ತು. ಮೂರನೆಯ ಸಲ, 1941ರಲ್ಲಿ, ಮೊದಲ ಬಾರಿಗೆ ನಿರ್ದೇಶಿಸುತ್ತಿದ್ದ ಜಾನ್ ಹ್ಯೂಸ್ಟನ್ ಕೈಯಲ್ಲಿ ಅದು ಕುದುರಿತು. ಹಂಫ್ರಿ ಬೋಗಾರ್ಟ್‌ನ ಸ್ಯಾಮ್ ಸ್ಪೇಡ್ ಒಗಟು ಬಿಡಿಸಿ ನಿರಾಳನಾಗುವವನಲ್ಲ, ಬಿಡಿಸಿದ್ದರಿಂದಲೇ ಬೇಯುವವನು. 'ಕೆನಲ್'ನಲ್ಲಿ ಅನುಮಾನದಿಂದ ಪಾರಾಗಿದ್ದ ಮೇರಿ ಆಸ್ಟರ್ ಇಲ್ಲಿ ಅವನು ಪ್ರೀತಿಸಿದ ಹೆಣ್ಣು, ಕೊಲೆಗಾರ್ತಿಯೂ ಹೌದು. ಅವನೇ ಅವಳನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಲಿಫ್ಟಿನ ಕಂಬಿಬಾಗಿಲು ಅವಳ ಮುಖದ ಮುಂದೆ ಸರಿದು ಮುಚ್ಚಿಕೊಳ್ಳುತ್ತದೆ.