ಧೂಳು ಹೀರುವ ಯಂತ್ರದಲ್ಲಿ ಕೊಳವೆಯ ಜೋಡಣೆ: ಒಂದು ಚಾರಿತ್ರಿಕ ವಿವೇಚನೆ

ವ್ಯಾಕ್ಯೂಮ್ ಕ್ಲೀನರಿನ ಚರಿತ್ರೆ ಎಂದು ನಮಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಗಾಳಿ ಎಳೆಯುವ ಶಕ್ತಿಯ ಚರಿತ್ರೆಗಳು. ಮೊದಲು ಕೈಯಿಂದ ಒತ್ತುವ ತಿದಿ, ಆಮೇಲೆ ಪೆಟ್ರೋಲ್ ಎಂಜಿನ್, ಅದರ ಹಿಂದೆಯೇ ವಿದ್ಯುತ್ ಮೋಟಾರ್, ಈಗ ಬ್ಯಾಟರಿ ಎಂದು ಕಥೆ ಸಾಗುತ್ತದೆ. ಕೊಳವೆ, ಅದರ ತುದಿಯ ಮೂತಿ, ಇವೆರಡೂ ಸೇರುವ ಜಾಗ, ಇವು ಬಿಡಿಭಾಗಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ. ಈ ಕ್ರಮವನ್ನು ತಿರುಗಿಸಿ ನೋಡಬೇಕು ಎಂಬುದು ಈ ಲೇಖನದ ವಾದ. ಧೂಳು ಹೀರುವ ಯಂತ್ರ ಮನೆಬಳಕೆಗೆ ಒಗ್ಗಿದ್ದರಲ್ಲಿ ಮೋಟಾರಿಗೆ ಎಷ್ಟು ಪಾಲಿದೆಯೋ, ಕೊಳವೆಯನ್ನು ಕಳಚಿ ಅದೇ ಬಾಯಿಗೆ ಇನ್ನೊಂದನ್ನು ಕೂಡಿಸುವ ಅನುಕೂಲಕ್ಕೂ ಅಷ್ಟೇ ಪಾಲಿದೆ. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದ ವಿಷಯಕ್ಕೆ ಬಂದರೆ ಈ ಜೋಡಣೆಯ ಪಾಲು ಇನ್ನೂ ದೊಡ್ಡದು. ಅಂಥ ಯಂತ್ರದ ವಿನ್ಯಾಸವನ್ನು ಜೋಡಣೆಯಿಂದಲೇ ಆರಂಭಿಸಬೇಕು ಎನ್ನುವುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಆಧಾರಗಳಿವೆ.

ಅಮೆರಿಕದ ಅಯೋವಾ ರಾಜ್ಯದ ಡೇನಿಯಲ್ ಹೆಸ್ 1860ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ತಿರುಗುವ ಬ್ರಷ್ಷೂ ಗಾಳಿ ಎಳೆಯುವ ತಿದಿಯೂ ಇದ್ದವು. ಶಿಕಾಗೋದ ಐವ್ಸ್ ಮೆಗಾಫಿ 1869ರಲ್ಲಿ ಕೈಯಿಂದ ತಿರುಗಿಸುವ ಫ್ಯಾನಿನ ಯಂತ್ರಕ್ಕೆ ಪೇಟೆಂಟ್ ಪಡೆದರು. ಇವೆರಡೂ ನೆಲದ ಮೇಲೆ ದೂಡುವ ಯಂತ್ರಗಳು. ಗಾಳಿ ಎಳೆಯುವ ಭಾಗ ಎಲ್ಲಿರುತ್ತದೋ ಅಲ್ಲಷ್ಟೇ ಧೂಳು ಹೋಗುತ್ತಿತ್ತು. ಸೇಂಟ್ ಲೂಯಿಯ ಜಾನ್ ಥರ್ಮನ್ 1899ರಲ್ಲಿ ಪೇಟೆಂಟ್ ಪಡೆದ ಯಂತ್ರ ಗಾಳಿಯನ್ನು ಊದಿ ಧೂಳೆಬ್ಬಿಸಿ ಪೆಟ್ಟಿಗೆಗೆ ತುಂಬುವಂಥದ್ದು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಗಾಳಿಯ ದಿಕ್ಕನ್ನೇ ಬದಲಿಸಿದರು. ಊದುವ ಯಂತ್ರವೊಂದರ ಪ್ರದರ್ಶನ ನೋಡಿದ ಮೇಲೆ ಬಟ್ಟೆಯೊಂದನ್ನು ಬಾಯಿಗೆ ಅಡ್ಡ ಹಿಡಿದು ಕುರ್ಚಿಯ ಮೆತ್ತೆಯಿಂದ ಉಸಿರೆಳೆದು, ಬಟ್ಟೆಗೆ ಅಂಟಿದ ಧೂಳನ್ನು ತೋರಿಸಿದ ಅವರ ಪ್ರಯೋಗ ಪ್ರಸಿದ್ಧವಾಗಿದೆ. ಆದರೆ ಈ ಬದಲಾವಣೆಯ ಇನ್ನೊಂದು ಫಲದ ಕಡೆ ಯಾರೂ ಹೆಚ್ಚು ಗಮನ ಕೊಟ್ಟಂತಿಲ್ಲ. ಊದುವ ಯಂತ್ರದಲ್ಲಿ ಒಳಗಿನ ಒತ್ತಡ ಕೊಳವೆಗಳನ್ನು ಒಂದರಿಂದ ಒಂದನ್ನು ಹೊರದೂಡುತ್ತದೆ, ಹೀಗಾಗಿ ಪ್ರತಿ ಕೂಡಿಕೆಯನ್ನೂ ಬಿಗಿಯಬೇಕಾಗುತ್ತದೆ. ಎಳೆಯುವ ಯಂತ್ರದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಒಂದು ಕೊಳವೆಯನ್ನು ಇನ್ನೊಂದರೊಳಗೆ ಅದುಮುತ್ತದೆ. ತುದಿಯನ್ನು ಸ್ವಲ್ಪ ಸಪೂರವಾಗಿ ಮಾಡಿದ್ದರೆ ಸಾಕು, ಕೈಯಿಂದ ತುರುಕಿದ ಕೊಳವೆ ತಾನಾಗಿಯೇ ಬಿಗಿಯಾಗುತ್ತದೆ, ಯಂತ್ರ ನಿಂತಾಗ ಕೈಯಿಂದಲೇ ಕಳಚಿ ಬರುತ್ತದೆ. ಸ್ಕ್ರೂ, ಸ್ಪ್ಯಾನರುಗಳಿಲ್ಲದೆ ಕೊಳವೆ ಬದಲಿಸುವುದು ಸಾಧ್ಯವಾದದ್ದು ಗಾಳಿಯ ದಿಕ್ಕು ತಿರುಗಿದ್ದರಿಂದ.

ಬೂತ್ ಅವರ ಮೊದಲ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಗಾಡಿ ಬೀದಿಯಲ್ಲಿ ನಿಂತರೆ ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಏಳನೇ ಎಡ್ವರ್ಡ್ ದೊರೆಯ 1902ರ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳು ಶುಚಿಯಾದದ್ದು ಈ ಯಂತ್ರದಿಂದ. ಅದೇ ಕಾಲದಲ್ಲಿ ಅಮೆರಿಕದ ಡೇವಿಡ್ ಕೆನ್ನಿ ಕಟ್ಟಡದ ನೆಲಮಾಳಿಗೆಯಲ್ಲಿ ಯಂತ್ರವಿಟ್ಟು ಗೋಡೆಗಳೊಳಗೆ ಪೈಪು ಹಾಯಿಸಿದರು. ಪಿಟ್ಸ್‌ಬರ್ಗಿನ ಫ್ರಿಕ್ ಕಟ್ಟಡದಲ್ಲಿ 1902ರಲ್ಲಿ ಇಂಥದೊಂದು ವ್ಯವಸ್ಥೆ ಬಂತು. ಗೋಡೆಯಲ್ಲೊಂದು ಬಾಯಿ, ಅದಕ್ಕೆ ಮುಚ್ಚಳ, ಬೇಕಾದಾಗ ತೆರೆದು ಸಿಕ್ಕಿಸಲು ಒಂದು ಕೊಳವೆ. ಒಂದೇ ಕೊಳವೆ ಎಲ್ಲ ಕೋಣೆಗಳಿಗೂ ಸಾಕಾಗಬೇಕಾದರೆ ಎಲ್ಲ ಕೋಣೆಗಳ ಬಾಯಿಯ ಅಳತೆಯೂ ಒಂದೇ ಆಗಿರಬೇಕು. ಅದಲುಬದಲು ಮಾಡಬಲ್ಲ ಜೋಡಣೆ ಇಲ್ಲಿ ಇಡೀ ವ್ಯವಸ್ಥೆಗೆ ಆಧಾರವಾಗಿತ್ತು. 1905ರಲ್ಲಿ ಬರ್ಮಿಂಗ್‌ಹ್ಯಾಮಿನ ವಾಲ್ಟರ್ ಗ್ರಿಫಿತ್ಸ್ ಪೇಟೆಂಟ್ ಪಡೆದ ಯಂತ್ರ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅದಕ್ಕೆ ಎಂಜಿನ್ ಇಲ್ಲ, ಮೋಟಾರ್ ಇಲ್ಲ. ಮನೆಗೆಲಸದ ಒಬ್ಬರೇ ಒತ್ತಬಹುದಾದ ತಿದಿ, ಕಳಚಬಹುದಾದ ಬಾಗುವ ಕೊಳವೆ, ಅದರ ತುದಿಗೆ ಬೇರೆ ಬೇರೆ ಆಕಾರದ ಮೂತಿಗಳು. ಇಂದು ಅಂಗಡಿಯ ಡಬ್ಬಿ ತೆರೆದಾಗ ಕಾಣುವ ಸಾಮಗ್ರಿಯ ಮುಖ್ಯ ಭಾಗ ವಿದ್ಯುತ್ತಿನ ನೆರವಿಲ್ಲದೆಯೇ ಸಿದ್ಧವಾಗಿತ್ತು. ಬಟ್ಟೆಯ ಚೀಲ ಮತ್ತು ಬದಲಿಸುವ ಮೂತಿಗಳು ಎರಡನ್ನೂ ಮೊದಲು ತಂದದ್ದು ಓಹಾಯೋದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಮಾತು ಹಲವು ಕಡೆ ಕಾಣುತ್ತದೆ. ಸ್ಪ್ಯಾಂಗ್ಲರ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1908ರ ಜೂನ್ 2ರಂದು. ಚೀಲದ ಶ್ರೇಯಸ್ಸು ಅವರಿಗೇ ಇರಲಿ, ಮೂತಿಗಳ ವಿಷಯದಲ್ಲಿ ಗ್ರಿಫಿತ್ಸ್ ಮೂರು ವರ್ಷ ಮುಂದಿದ್ದರು.

ಸ್ಪ್ಯಾಂಗ್ಲರ್ ಅವರ ಪೇಟೆಂಟ್ ಹಕ್ಕನ್ನು ಕೊಂಡ ಹೂವರ್ ಕಂಪನಿಯ ನಿಲುವು ಯಂತ್ರಗಳು ನೆಲದ ಹಾಸಿಗೆಂದೇ ಹುಟ್ಟಿದವು. ಬ್ರಷ್ ತಿರುಗಿಸಿ, ಕಂಬಳಿ ಅಲುಗಿಸಿ ಧೂಳೆತ್ತುವುದರಲ್ಲಿ ಅವು ಬಹಳ ಸಮರ್ಥವಾದವು. ಆದರೆ ಪರದೆಗೋ ಕುರ್ಚಿಗೋ ಕೊಳವೆ ಬೇಕೆಂದರೆ ಬ್ರಷ್ಷಿನ ಬೆಲ್ಟ್ ಬಿಚ್ಚಿ, ಅಡಿಭಾಗಕ್ಕೆ ಬೇರೊಂದು ಅಡಾಪ್ಟರ್ ಹಾಕಿ, ಆಮೇಲೆ ಕೊಳವೆ ಕೂಡಿಸಬೇಕಿತ್ತು. ಜೋಡಣೆಯನ್ನು ಕೊನೆಗೆ ಯೋಚಿಸಿದರೆ ಆಗುವ ತೊಂದರೆ ಇದು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ತಂದ ಮಾದರಿ ಐದು ಇದಕ್ಕೆ ತದ್ವಿರುದ್ಧ. ಎರಡು ತೆಳು ಲೋಹದ ಪಟ್ಟಿಗಳ ಮೇಲೆ ಜಾರುವ ಉರುಳೆ, ಅದರ ಒಂದು ತುದಿಯಲ್ಲಿ ಕೊಳವೆಯ ಬಾಯಿ. ನೆಲ, ಗೋಡೆ, ಮೆಟ್ಟಿಲು ಯಾವುದೇ ಇರಲಿ, ಕೊಳವೆಯ ಮೂಲಕವೇ ಕೆಲಸ. ಮುಂದೆ ಬಂದ ಮಾದರಿಗಳಲ್ಲಿ ಅದೇ ಕೊಳವೆಯನ್ನು ಗಾಳಿ ಹೊರಬರುವ ತುದಿಗೂ ಸಿಕ್ಕಿಸಿ ಬಣ್ಣ ಸಿಂಪಡಿಸಲು ಬಳಸಿದರು. ಹೊಸ ಮೋಟಾರಿಲ್ಲದೆ ಒಂದು ಯಂತ್ರ ಎರಡು ಯಂತ್ರವಾದದ್ದು ಎರಡೂ ತುದಿಗಳಲ್ಲಿ ಒಂದೇ ಅಳತೆಯ ಬಾಯಿ ಇಟ್ಟದ್ದರಿಂದ. ಭಾರತಕ್ಕೂ ಇದರ ನೇರ ನಂಟಿದೆ. 1982ರಲ್ಲಿ ಫೋರ್ಬ್ಸ್ ಮತ್ತು ಎಲೆಕ್ಟ್ರೋಲಕ್ಸ್ ಸೇರಿ ಆರಂಭಿಸಿದ ಯುರೇಕಾ ಫೋರ್ಬ್ಸ್, ಮನೆಬಾಗಿಲಿಗೆ ಬಂದು ಮಾರುವ ಪದ್ಧತಿಯಿಂದ ಯೂರೋಕ್ಲೀನ್ ಯಂತ್ರವನ್ನು ನಮ್ಮ ನಗರಗಳಿಗೆ ಪರಿಚಯಿಸಿತು. ಗೋಡೆಗೆ ಗೋಡೆ ಕಂಬಳಿ ಹಾಸದ ನಮ್ಮ ಮನೆಗಳಲ್ಲಿ ಸೋಫಾ, ಫ್ಯಾನು, ಜೇಡರಬಲೆ, ಹಾಸಿಗೆಗಳಿಗೆ ಆ ಯಂತ್ರ ಉಪಯೋಗವಾದದ್ದು ಕೊಳವೆಯ ತುದಿಯ ಮೂತಿಗಳ ಬಲದಿಂದಲೇ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ. ಕೈಹಿಡಿ ಯಂತ್ರಗಳಲ್ಲಿ ಅತ್ಯಂತ ಯಶಸ್ವಿಯಾದ ಡಸ್ಟ್‌ಬಸ್ಟರಿಗೆ ಕೊಳವೆಯೇ ಇರಲಿಲ್ಲವಲ್ಲ? 1979ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಮಾರುಕಟ್ಟೆಗೆ ಬಿಟ್ಟ ಈ ಯಂತ್ರಕ್ಕೆ ಗೋಡೆಯಲ್ಲಿ ತೂಗುವ ಚಾರ್ಜರ್, ಮೊನಚು ಮೂತಿ, ಒಳಗೊಂದು ಬ್ಯಾಟರಿ ಇದ್ದವು, ಅಷ್ಟೇ. ಆದರೆ ಇದರ ಹುಟ್ಟನ್ನು ನೋಡಿದರೆ ಆಕ್ಷೇಪದ ಬಲ ಕುಗ್ಗುತ್ತದೆ. ಅದಕ್ಕೂ ಮೊದಲು, 1970ರ ದಶಕದ ಮಧ್ಯದಲ್ಲಿ, ಇದೇ ಕಂಪನಿ ಮಾಡ್ ಫೋರ್ ಎಂಬ ಸಲಕರಣೆಯನ್ನು ತಂದಿತ್ತು. ಬ್ಯಾಟರಿಯಿದ್ದ ಒಂದೇ ಹಿಡಿ, ಅದಕ್ಕೆ ಡ್ರಿಲ್, ಪೊದೆ ಕತ್ತರಿಸುವ ಸಾಧನ, ಹುಲ್ಲು ಕತ್ತರಿಸುವ ಸಾಧನ, ಸಣ್ಣ ವ್ಯಾಕ್ಯೂಮ್ ಎಂದು ಬದಲಿಸಬಹುದಾದ ತಲೆಗಳು. ಡಸ್ಟ್‌ಬಸ್ಟರ್ ಈ ಕುಟುಂಬದ್ದು. ಕ್ಯಾರೊಲ್ ಗ್ಯಾಂಟ್ಜ್ ಮುಂದಾಳತ್ವದ ವಿನ್ಯಾಸ ತಂಡ ಹಿಡಿಯನ್ನೂ ತಲೆಯನ್ನೂ ಒಂದಾಗಿಸಿತು. ಚಂದ್ರನ ನೆಲ ಕೊರೆಯಲು ನಾಸಾಕ್ಕಾಗಿ ಮಾಡಿದ ಡ್ರಿಲ್ಲಿನಿಂದ ಡಸ್ಟ್‌ಬಸ್ಟರ್ ಹುಟ್ಟಿತು ಎಂಬ ಜನಪ್ರಿಯ ಕಥೆ ಬ್ಯಾಟರಿ ಮೋಟಾರಿನ ಮಟ್ಟಿಗೆ ನಿಜವಿರಬಹುದು, ಆಕಾರದ ಕಥೆ ಮಾತ್ರ ಮಾಡ್ ಫೋರಿನದು. ಅಲ್ಲಿ ಸೋತದ್ದು ತಪ್ಪು ಜಾಗದ ಜೋಡಣೆ. ಡ್ರಿಲ್ಲಿಗೂ ಧೂಳಿಗೂ ಒಂದೇ ಹಿಡಿ ಎಂಬ ಲೆಕ್ಕ ಬಳಸುವವರಿಗೆ ಒಗ್ಗಲಿಲ್ಲ, ಏಕೆಂದರೆ ಆ ಎರಡು ಕೆಲಸಗಳು ಒಂದೇ ಕೈಯಲ್ಲಿ, ಒಂದೇ ಹೊತ್ತಿನಲ್ಲಿ ಬರುವುದಿಲ್ಲ. ಸೋಫಾದ ಸಂದು, ಕಾರಿನ ಸೀಟಿನ ಅಡಿ, ಪುಸ್ತಕದ ಕಪಾಟು, ಇವು ಒಟ್ಟಿಗೆ ಬರುತ್ತವೆ. ಬದಲಾಗಬೇಕಾದದ್ದು ಗಾಳಿ ಒಳಬರುವ ಬಾಯಿ. ಮುಂದಿನ ದಶಕಗಳಲ್ಲಿ ಕೈಹಿಡಿ ಯಂತ್ರಗಳ ಜತೆ ಬಿರುಕಿನ ಮೂತಿಯೂ ಬ್ರಷ್ಷೂ ಮತ್ತೆ ಸೇರಿಕೊಂಡದ್ದನ್ನು ಹೀಗೆಯೇ ಅರ್ಥಮಾಡಿಕೊಳ್ಳಬೇಕು.

ಮೋಟಾರೇ ಪ್ರಧಾನ ಎನ್ನುವವರ ವಾದಕ್ಕೆ ಉತ್ತರ ಲೆಕ್ಕದಲ್ಲಿದೆ. ಸಣ್ಣ, ವೇಗದ ಮೋಟಾರಿಲ್ಲದೆ ಕೈಹಿಡಿ ಯಂತ್ರ ಹುಟ್ಟುತ್ತಿರಲಿಲ್ಲ ಎಂಬುದು ನಿಜ. ಆದರೆ ಆ ಮೋಟಾರ್ ಎಳೆದ ಗಾಳಿ ಧೂಳನ್ನು ಮುಟ್ಟುವುದು ಕೊಳವೆಯ ಮೂಲಕ. ನಿರ್ದಿಷ್ಟ ಉದ್ದದ ಕೊಳವೆಯಲ್ಲಿ ನಿರ್ದಿಷ್ಟ ಪ್ರಮಾಣದ ಗಾಳಿ ಹರಿಯುವಾಗ ಘರ್ಷಣೆಯಿಂದ ಆಗುವ ಒತ್ತಡದ ನಷ್ಟ, ಸ್ಥೂಲವಾಗಿ, ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. 32 ಮಿ.ಮೀ. ಕೊಳವೆಯನ್ನು 25 ಮಿ.ಮೀ.ಗೆ ಇಳಿಸಿದರೆ ನಷ್ಟ ಸುಮಾರು 3.4 ಪಟ್ಟು ಏರುತ್ತದೆ. ಯಂತ್ರ ಚಿಕ್ಕದೆಂದು ಬಾಯಿಯನ್ನೂ ಚಿಕ್ಕದು ಮಾಡುವ ವಿನ್ಯಾಸಕಾರ ಬ್ಯಾಟರಿಯ ಶಕ್ತಿಯನ್ನು ಕೊಳವೆಯ ಗೋಡೆಗೆ ಸುರಿಯುತ್ತಾನೆ. ಇನ್ನೊಂದು ಲೆಕ್ಕ ಜೋಡಣೆಯ ಬಿಗಿಗೆ ಸಂಬಂಧಿಸಿದ್ದು. 32 ಮಿ.ಮೀ. ಬಾಯಿಯ ವಿಸ್ತೀರ್ಣ ಸುಮಾರು 8 ಚದರ ಸೆಂ.ಮೀ. ದೊಡ್ಡ ಯಂತ್ರವೊಂದು ಮೂತಿ ಪೂರ್ತಿ ಮುಚ್ಚಿದಾಗ 20 ಕಿಲೋಪಾಸ್ಕಲ್ ಎಳೆತ ಕೊಟ್ಟರೆ, ವಾತಾವರಣ ಆ ಕೂಡಿಕೆಯನ್ನು ಸುಮಾರು 1.6 ಕಿಲೋ ತೂಕದಷ್ಟು ಬಲದಿಂದ ಅದುಮುತ್ತದೆ. ಎಳೆತ 5 ಕಿಲೋಪಾಸ್ಕಲ್ ಇರುವ ಕೈಹಿಡಿ ಯಂತ್ರದಲ್ಲಿ ಆ ಬಲ ಸುಮಾರು 400 ಗ್ರಾಮಿಗೆ ಇಳಿಯುತ್ತದೆ, ಮೂತಿ ತೆರೆದಿರುವಾಗ ಇನ್ನೂ ಕಡಿಮೆ. ಉದ್ದನೆಯ ಕೊಳವೆ, ಅದರ ತುದಿಗೆ ಬ್ರಷ್ ತಲೆ ಸಿಕ್ಕಿಸಿ ಮೇಲೆತ್ತಿದರೆ ಕಳಚಿ ಬೀಳುತ್ತದೆ. ಬೂತ್ ಕಾಲದಿಂದ ಜೋಡಣೆಯನ್ನು ಪುಕ್ಕಟೆಯಾಗಿ ಬಿಗಿಹಿಡಿದ ವಾತಾವರಣದ ಒತ್ತಡ ಸಣ್ಣ ಯಂತ್ರದಲ್ಲಿ ಸಾಲದಾಗುತ್ತದೆ. ಹಾಗಾಗಿಯೇ ಕ್ಲಿಕ್ಕೆಂದು ಕೂರುವ ಕೊಂಡಿ, ಅದನ್ನು ಬಿಡಿಸುವ ಗುಂಡಿ ಬೇಕಾದವು.

ಈ ಕೊಂಡಿಯಿಂದಲೇ ಈಗಿನ ಸಮಸ್ಯೆ ಶುರುವಾಗುತ್ತದೆ. ಸಪೂರ ತುದಿಯ ಹಳೆಯ ಕೊಳವೆಗೆ ಅಳತೆ ಒಂದಾಗಿದ್ದರೆ ಸಾಕಿತ್ತು. 32 ಮತ್ತು 35 ಮಿ.ಮೀ. ಎಂಬ ಎರಡು ಅಳತೆಗಳು ಮಾರುಕಟ್ಟೆಯ ರೂಢಿಯಿಂದ ನೆಲೆಯಾದವು, ಒಬ್ಬರ ಬ್ರಷ್ ಇನ್ನೊಬ್ಬರ ಕೊಳವೆಗೆ ಕೂರುತ್ತಿತ್ತು. ಕೊಂಡಿಗೆ ಅಂಥ ರೂಢಿ ಬೆಳೆಯಲಿಲ್ಲ. ಜೇಮ್ಸ್ ಡೈಸನ್ ಅವರ ಕಂಪನಿ 2006ರಲ್ಲಿ ಚೀಲವಿಲ್ಲದ ಕೈಹಿಡಿ ಯಂತ್ರ ತಂದು, ಮುಂದಿನ ದಶಕದ ಆರಂಭದಲ್ಲಿ ಅಂಥ ಯಂತ್ರಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ ನೆಲ ಗುಡಿಸುವಂತೆ ಮಾಡಿದ ಮೇಲೆ, ಇಡೀ ಉದ್ಯಮ ಆ ಆಕಾರಕ್ಕೆ ತಿರುಗಿತು. ಕೈಯಲ್ಲಿ ಹಿಡಿದ ಯಂತ್ರವೇ ಕೊಳವೆ ಸೇರಿದಾಗ ನೆಲದ ಯಂತ್ರ. ಬ್ರಷ್ ತಿರುಗಿಸಲು ವಿದ್ಯುತ್ತು ಬೇಕಾದ್ದರಿಂದ ಜೋಡಣೆಯಲ್ಲಿ ಗಾಳಿಯ ಜತೆಗೆ ಲೋಹದ ಪಿನ್ನುಗಳೂ ಸೇರಿದವು. ಒಂದೇ ಬಾಯಿಯಲ್ಲಿ ಗಾಳಿ, ಬಿಗಿತ, ವಿದ್ಯುತ್ತು ಮೂರೂ ಬೆಸೆದುಕೊಂಡಾಗ ಪ್ರತಿ ಕಂಪನಿಯ ಬಾಯಿಯೂ ಬೇರೆಯಾಯಿತು. ಇದು ಅನಿವಾರ್ಯ, ವಿದ್ಯುತ್ತಿನ ಸುರಕ್ಷತೆಯ ದೃಷ್ಟಿಯಿಂದ ಹೊರಗಿನ ಭಾಗಗಳನ್ನು ಬಿಡಲಾಗದು ಎನ್ನುತ್ತಾರೆ ತಯಾರಕರು. ತಿರುಗುವ ಬ್ರಷ್ಷಿನ ಮಟ್ಟಿಗೆ ಈ ಮಾತಿಗೆ ತೂಕವಿದೆ. ಆದರೆ ಬಿರುಕಿನ ಮೂತಿಗೆ, ಪುಸ್ತಕ ಒರೆಸುವ ಬ್ರಷ್ಷಿಗೆ, ಸಾದಾ ಉದ್ದ ಕೊಳವೆಗೆ ವಿದ್ಯುತ್ತೇ ಬೇಡ. ಗಾಳಿಯ ಬಾಯಿಯನ್ನು ರೂಢಿಯ 32 ಮಿ.ಮೀ. ಸಪೂರ ಅಳತೆಯಲ್ಲಿ ಒಳಗೆ ಉಳಿಸಿ, ಕೊಂಡಿಯನ್ನೂ ಪಿನ್ನುಗಳನ್ನೂ ಅದರ ಹೊರಸುತ್ತಿಗೆ ಕೊಂಡೊಯ್ದರೆ, ಕಂಪನಿಯ ಸ್ವಂತ ಬ್ರಷ್ ತಲೆಯೂ ಕೂರುತ್ತದೆ, ಮನೆಯಲ್ಲಿರುವ ಹಳೆಯ ಮೂತಿಯೂ ಕೂರುತ್ತದೆ. ಪ್ರತಿ ಕೂಡಿಕೆಯೂ ಸೋರುವ ಜಾಗ ಎಂಬ ಆತಂಕಕ್ಕೂ ಇದರಲ್ಲಿ ಉತ್ತರವಿದೆ. ಸೋರಿಕೆ ತಡೆಯುವ ಕೆಲಸ ಸಪೂರ ತುದಿಯದು, ಭಾರ ಹೊರುವ ಕೆಲಸ ಕೊಂಡಿಯದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗಲೇ ಕೂಡಿಕೆ ಸಡಿಲವಾಗುವುದು.

ಜೋಡಣೆಯ ಅಳತೆ ಒಂದಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಂತ್ರಜ್ಞಾನದ ಚರಿತ್ರೆಯಲ್ಲಿ ಕ್ರೂರ ಸಾಕ್ಷಿಯೊಂದಿದೆ. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ವಾಷಿಂಗ್‌ಟನ್, ಫಿಲಡೆಲ್ಫಿಯಾಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಅವುಗಳ ಕೊಳವೆಗಳು ಬಾಲ್ಟಿಮೋರಿನ ನೀರಿನ ನಲ್ಲಿಗಳಿಗೆ ಕೂರಲಿಲ್ಲ. ಸುಮಾರು 1,500 ಕಟ್ಟಡಗಳು ನಾಶವಾದವು. ಮರುವರ್ಷವೇ ಅಲ್ಲಿ ಕೊಳವೆಯ ಜೋಡಣೆಗೆ ರಾಷ್ಟ್ರೀಯ ಮಾನಕ ಬಂತು. ಧೂಳಿನ ಯಂತ್ರದಲ್ಲಿ ಪ್ರಾಣದ ಪ್ರಶ್ನೆಯಿಲ್ಲ, ನಷ್ಟ ನಿಧಾನವಾದದ್ದು: ಬ್ಯಾಟರಿ ಸತ್ತ ಯಂತ್ರದ ಜತೆ ಚೆನ್ನಾಗಿರುವ ಕೊಳವೆ, ಬ್ರಷ್, ಮೂತಿಗಳೂ ಕಸಕ್ಕೆ ಹೋಗುತ್ತವೆ. ಮೊಬೈಲ್ ಚಾರ್ಜರಿನ ತುದಿಯನ್ನು ಒಂದೇ ಆಗಿಸಲು ಯುರೋಪಿನ ಒಕ್ಕೂಟ ಕಾನೂನು ತಂದಿದೆ, ಭಾರತೀಯ ಮಾನಕ ಬ್ಯೂರೋ ಕೂಡ ಟೈಪ್-ಸಿ ತುದಿಗೆ ಮಾನಕ ಪ್ರಕಟಿಸಿದೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿದಾಗ ಗೃಹೋಪಯೋಗಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅಷ್ಟು ಸಂಕೀರ್ಣವಾದ ವಿದ್ಯುತ್ ತುದಿಗೆ ಮಾನಕ ಸಾಧ್ಯವಾದರೆ ಗಾಳಿ ಹೋಗುವ ಒಂದು ದುಂಡನೆಯ ಬಾಯಿಗೆ ಸಾಧ್ಯವಾಗದಿರಲು ಕಾರಣವಿಲ್ಲ. ಕೈಹಿಡಿ ಯಂತ್ರಗಳ ವಿನ್ಯಾಸಕ್ಕೆ ಕೈಹಾಕುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ತಯಾರಕರೂ ಮೋಟಾರಿನ ವಾಟ್ ನಿರ್ಧರಿಸುವ ಮೊದಲು ಬಾಯಿಯ ಅಳತೆಯನ್ನು ನಿರ್ಧರಿಸಲಿ, ಆ ಅಳತೆಯನ್ನು ಡಬ್ಬಿಯ ಮೇಲೆ ಎಲ್ಲರಿಗೂ ಕಾಣುವಂತೆ ಅಚ್ಚುಹಾಕಲಿ. ಮಾನಕ ಬ್ಯೂರೋ ಅದಕ್ಕೊಂದು ಸಂಖ್ಯೆ ಕೊಡಲಿ.