ಗೋವೈದ್ಯದಿಂದ ಗಾಡಿವೈದ್ಯಕ್ಕೆ

ಕ್ರಿ.ಶ. 1125ರ ಸುಮಾರಿನಲ್ಲಿ ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮನೆಂಬ ರಾಜಕುಮಾರನು ದನಗಳ ರೋಗಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಈತ ಆರನೆಯ ವಿಕ್ರಮಾದಿತ್ಯನ ಸಹೋದರ. ಅರಮನೆಯ ಮಗ ದನದ ಕೊಟ್ಟಿಗೆಗೆ ಬಂದು ಕುಳಿತು ಕನ್ನಡದಲ್ಲಿ ಬರೆದದ್ದು ಸಣ್ಣ ಮಾತಲ್ಲ. ತರಗತಿಯಲ್ಲಿ ನಾನು ಇದನ್ನು ಹದಿನೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಅದಕ್ಕಿಂತ ಹೆಚ್ಚು ಯೋಚಿಸಿದವನಲ್ಲ. ಅದರ ಬೆಲೆ ನನಗೆ ತಿಳಿದದ್ದು ಇದೇ ಕಲ್ಯಾಣದಲ್ಲಿ, ಒಂದು ಹಳೆಯ ಅಂಬಾಸಡರ್ ಕಾರಿನ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ನಿಂತ ಒಂದು ಮಧ್ಯಾಹ್ನ.

ಕಾರು 1986ರದು. ಆರು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಕೊಂಡೆ. ಕಾಲೇಜಿನ ಗೆಳೆಯರು ನಕ್ಕರು; ಮನೆಯಾಕೆ ನಗಲಿಲ್ಲ, ಅದು ಹೆಚ್ಚು ಗಂಭೀರವಾದ ವಿಷಯ. ನಾನು ಹುಡುಗನಾಗಿದ್ದಾಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹತ್ತು ಹನ್ನೆರಡು ಜನ ಒಂದೇ ಅಂಬಾಸಡರಿನಲ್ಲಿ ತುಂಬಿಕೊಂಡು ಹೋದ ನೆನಪು. ಆ ನೆನಪಿಗೆ ಕೊಟ್ಟ ಬೆಲೆಯೆಂದು ಎಣಿಸಿ ಸುಮ್ಮನಾದೆ.

ಈ ಗಾಡಿಯ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾದಲ್ಲಿ ಆರಂಭವಾಗಿ, 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯೇ 1950ರ ದಶಕದ ಕೊನೆಯಲ್ಲಿ ಇಲ್ಲಿ ಅಂಬಾಸಡರ್ ಆಯಿತು. ಮೊದಲಿದ್ದ ಇಂಜಿನ್ ಬೇಗನೆ ಹೋಗಿ 1489 ಸಿ.ಸಿ.ಯ ಇನ್ನೊಂದು ಬಂತು. ಆ ಇಂಜಿನ್ ಮಾತ್ರ ಮೂರು ದಶಕ ಅಲುಗಲಿಲ್ಲ. ಮುಂದಿನ ಜಾಲರಿ ಬದಲಾಯಿತು, ದೀಪ ಬದಲಾಯಿತು, ಮಾರ್ಕ್ ಎರಡು, ಮೂರು, ನಾಲ್ಕು ಎಂದು ಹೆಸರು ಬದಲಾಯಿತು. ಒಳಗಿನದು ಬಹುಮಟ್ಟಿಗೆ ಅದೇ. ಪೈಪೋಟಿಯಿಲ್ಲದ ಕಾಲ. ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಮೇಲೆ ಆ ದೊರೆತನ ಇಳಿಯತೊಡಗಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ಕೆಲಸ ನಿಲ್ಲಿಸಿತು.

ಈ ಜಡತನವನ್ನು ಅರ್ಥಶಾಸ್ತ್ರಜ್ಞರು ನಿಂದಿಸುತ್ತಾರೆ, ನಿಂದಿಸಲಿ. ಆದರೆ ಮೂವತ್ತು ವರ್ಷ ಬದಲಾಗದ ಒಂದು ಯಂತ್ರವು ದೇಶದ ಸಾವಿರಾರು ಅಕ್ಷರ ಬಾರದ ಹುಡುಗರಿಗೆ ಪಠ್ಯಪುಸ್ತಕವಾಯಿತೆಂಬುದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ. ತಂದೆ ಬಿಚ್ಚಿದ ಇಂಜಿನ್ನನ್ನೇ ಮಗನೂ ಬಿಚ್ಚಿದ. ಕಲಿತದ್ದು ಹಳತಾಗಲಿಲ್ಲ.

ನಮ್ಮ ಸೀಮೆಯಲ್ಲಂತೂ ಇದಕ್ಕೆ ಹೆಚ್ಚಿನ ಕಾರಣವಿತ್ತು. ಇದು ರಸ್ತೆಯ ನಾಡು. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿದಾಗ ಬೀದರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹುಮನಾಬಾದನ್ನು ಹಾದು ಹೋಗುವ ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ! ಅಲ್ಲಿಯವರೆಗೂ ಹೈದರಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯೇ ನಮಗೆ ಎಲ್ಲವೂ. ಹಿಂದೆ ಇದನ್ನು ಒಂಬತ್ತನೆಯ ನಂಬರಿನ ರಸ್ತೆ ಎನ್ನುತ್ತಿದ್ದರು, ಈಗ ಅರವತ್ತೈದು. ಹಗಲೂ ರಾತ್ರಿಯೂ ಓಡುವ ಲಾರಿಗಳು ಎಲ್ಲಿಯೋ ಒಂದು ಕಡೆ ಕೆಡಲೇಬೇಕಲ್ಲ? ಬಸವಕಲ್ಯಾಣದ ಆಟೋನಗರವೂ ಹೆದ್ದಾರಿಗೆ ಊರಿನ ದಾರಿ ಕೂಡುವ ಸಸ್ತಾಪುರ ಬಂಗ್ಲಾದ ಸುತ್ತಿನ ಗ್ಯಾರೇಜುಗಳೂ ಹೀಗೆ ಬೆಳೆದವು. ಲಾರಿಗೆ ಬಾಡಿ ಕಟ್ಟುವವರು, ಪಟ್ಟಾ ಹೊಡೆಯುವವರು, ಲೇತ್ ಹಿಡಿಯುವವರು, ಹಳೆಯ ಸಾಮಾನು ಮಾರುವವರು ಎಲ್ಲರೂ ಇಲ್ಲಿದ್ದಾರೆ. ಶರಣರ ಊರೆಂದು ಬಂದವರು ಕೋಟೆಯನ್ನೂ ಅನುಭವ ಮಂಟಪವನ್ನೂ ನೋಡಿ ಹೋಗುತ್ತಾರೆ. ಈ ಕಾಯಕದ ಬೀದಿಗೆ ಕಾಲಿಡುವುದಿಲ್ಲ.

ಇನ್ನು ನನ್ನ ಗಾಡಿಯ ಮಾತು. ಅದು ಎಷ್ಟು ಓಡಿದೆಯೆಂದು ಎಲ್ಲರೂ ಕೇಳುತ್ತಾರೆ. ಓಟದ ಲೆಕ್ಕದ ಮೀಟರಿಗೆ ಐದೇ ಅಂಕಿ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮೇಲೆ ಮತ್ತೆ ಸೊನ್ನೆ. ನಾನು ಕೊಂಡಾಗ ಅದು 41,000 ತೋರಿಸುತ್ತಿತ್ತು; ಎಷ್ಟನೆಯ ಜನ್ಮದ್ದೋ ಹೇಳುವವರಾರು? ಕೊಂಡ ವಾರವೇ ಗಾಡಿಯನ್ನು ಆಟೋನಗರದ ಹಿರಿಯ ಉಸ್ತಾದರೊಬ್ಬರಿಗೆ ತೋರಿಸಿದೆ. ಅವರು ಮೀಟರಿನ ಕಡೆ ಕಣ್ಣನ್ನೇ ಹಾಯಿಸಲಿಲ್ಲ. ಕ್ಲಚ್ ಪೆಡಲಿನ ರಬ್ಬರು ಸವೆದದ್ದನ್ನು ಬೆರಳಿನಿಂದ ಮುಟ್ಟಿದರು. ಸ್ಟಿಯರಿಂಗ್ ಚಕ್ರದಲ್ಲಿ ಕೈ ಹಿಡಿಯುವೆಡೆಯ ನುಣುಪನ್ನು ನೋಡಿದರು. ಡ್ರೈವರನ ಬಾಗಿಲನ್ನು ಮೆಲ್ಲನೆ ಮೇಲಕ್ಕೆತ್ತಿ ಕೀಲು ಎಷ್ಟು ಸಡಿಲವೆಂದು ಪರೀಕ್ಷಿಸಿದರು. “ಮೂರು ಲಕ್ಷಕ್ಕ ಕಮ್ಮಿ ಇಲ್ಲ ಸರ್” ಎಂದರು.

ತೇದಿಯಿಲ್ಲದ ಶಾಸನದ ಕಾಲವನ್ನು ನಾವು ಅಕ್ಷರದ ವಟಿವಿನಿಂದ ನಿರ್ಧರಿಸುತ್ತೇವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಈ ವಿದ್ಯೆಯ ಬಗ್ಗೆ ಭಾಷಣ ಮಾಡುತ್ತೇನೆ. ಪೆಡಲಿನ ರಬ್ಬರಿನಲ್ಲಿ ಅದೇ ವಿದ್ಯೆಯನ್ನು ಕಂಡು ನನ್ನ ಭಾಷಣ ಕೊಂಚ ತಗ್ಗಿದೆ.

ಒಂದು ವರ್ಷ ಗಾಡಿ ಚೆನ್ನಾಗಿಯೇ ಓಡಿತು. ಮರುವರ್ಷದ ಬೇಸಿಗೆಯಲ್ಲಿ ಹುಮನಾಬಾದಿನಿಂದ ಬರುವಾಗ ರಾಜೇಶ್ವರದ ಹತ್ತಿರ ಎಳೆಯುವ ಬಲವನ್ನು ಕಳೆದುಕೊಂಡಿತು. ನಿಂತಲ್ಲಿ ನಡುಗುತ್ತದೆ, ಓಡುವಾಗ ಕೆಮ್ಮುತ್ತದೆ. ನಗರದ ಒಂದು ಗ್ಯಾರೇಜಿನವರು ಶಬ್ದ ಕೇಳಿದ ಮಾತ್ರಕ್ಕೆ “ರಿಂಗ್ ಹೋಗಿದೆ, ಇಂಜಿನ್ ಇಳಿಸಿ ಬೋರು ಮಾಡಿಸಬೇಕು” ಎಂದು ತೀರ್ಪಿತ್ತರು. ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ನೋಡಿ ನನಗೂ ಗಾಡಿಯ ರೋಗವೇ ಹತ್ತಿತು. ಮುದಿ ಗಾಡಿಗೆ ಅಷ್ಟು ಸುರಿಯುವುದಕ್ಕಿಂತ ತೂಕಕ್ಕೆ ಮಾರುವುದೇ ಲೇಸೆಂದು ಮನೆಯಲ್ಲಿ ತೀರ್ಮಾನವಾಯಿತು. ಮಾರುವ ಮೊದಲು ಉಸ್ತಾದರನ್ನು ಒಂದು ಮಾತು ಕೇಳೋಣವೆಂದು ಹೋದೆ.

“ಇಂಜನ್ ಯಾವಾಗ ಬೇಕಾದ್ರೂ ಬಿಚ್ಚಬಹುದು ಸರ್. ಮೊದಲ್ ಅದಕ್ಕ ಏನಾಗ್ಯಾದ ಅಂತ ತಿಳಕೋಬೇಕು” ಎಂದರು ಅವರು.

ಹೊಗೆ ನೋಡಿದರು. ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು, ನಿಲ್ಲದ ಬಿಳಿಯಾದರೆ ನೀರು ಒಳಗೆ ಹೋಗುತ್ತಿದೆ. ನಮ್ಮದು ಮೂರೂ ಅಲ್ಲ. ಎಣ್ಣೆ ತುಂಬುವ ಮುಚ್ಚಳ ತೆಗೆದು ಒಳಮೈ ನೋಡಿದರು; ಹಾಲು ಬೆರೆತ ಕಾಫಿಯಂಥ ಜಿಡ್ಡಿದ್ದರೆ ನೀರೂ ಎಣ್ಣೆಯೂ ಕೂಡಿವೆಯೆಂದು ಅರ್ಥ. ಅದೂ ಇಲ್ಲ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒತ್ತಡ ಅಳೆಯುವ ಗೇಜು ಹಿಡಿದು ಇಂಜಿನ್ ತಿರುಗಿಸಿದರು. ಒಂದನೆಯದರಲ್ಲಿ 125, ನಾಲ್ಕನೆಯದರಲ್ಲಿ 120. ನಡುವಿನ ಎರಡರಲ್ಲೂ 60. ಆ ಎರಡಕ್ಕೂ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ರಿಂಗ್ ಸವೆದಿದ್ದರೆ ಎಣ್ಣೆ ಆ ಸಂದನ್ನು ಮುಚ್ಚಿ ಒತ್ತಡ ಏರಬೇಕಾಗಿತ್ತು. ಮುಳ್ಳು ಏರಲಿಲ್ಲ. ಹಾಗಾದರೆ ಗಾಳಿ ಸೋರುತ್ತಿರುವುದು ಕೆಳಗಲ್ಲ, ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರು ಒಂದೇ ಸಮನಾಗಿ ಸೋತಿವೆಯೆಂದ ಮೇಲೆ ಅವುಗಳ ನಡುವಿನ ಗೋಡೆಯ ಮೇಲೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಒಂದರ ಗಾಳಿ ಇನ್ನೊಂದಕ್ಕೆ ನುಗ್ಗುತ್ತಿದೆ.

ಗ್ಯಾಸ್ಕೆಟ್ ಅಲ್ಲೇ ಏಕೆ ಸುಡಬೇಕು? ಈ ಇಂಜಿನ್ನಿನಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಸುಟ್ಟ ಹೊಗೆ ಹೊರಬೀಳುವುದಕ್ಕೆ ಇಬ್ಬರಿಗೂ ಒಂದೇ ಬಾಗಿಲು. ಆದಕಾರಣ ನಡುಮನೆಯಲ್ಲಿ ಕಾವು ಹೆಚ್ಚು. ರೇಡಿಯೇಟರು ಕಟ್ಟಿಕೊಂಡಿದ್ದರೆ ಕೇಳುವುದೇ ಬೇಡ. ನಮ್ಮದು ಅರ್ಧ ಕಟ್ಟಿತ್ತು. ಗ್ಯಾಸ್ಕೆಟ್ ಸುಟ್ಟದ್ದು ರೋಗ. ರೇಡಿಯೇಟರು ಅದರ ಮೂಲ. ಬೋರು ಮಾಡಿಸಿ ಹಣ ಸುರಿದು ಹಳೆಯ ರೇಡಿಯೇಟರನ್ನೇ ಕೂರಿಸಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ.

ಉಸ್ತಾದರು ಹೆಡ್ ಬಿಚ್ಚಿ ನೇರ ಪಟ್ಟಿಯಿಟ್ಟು ನೋಡಿದರು, ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಲೇತಿನಲ್ಲಿ ಹೆರೆಸಿ ಹೊಸ ಗ್ಯಾಸ್ಕೆಟ್ ಹಾಕಿದರು. ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ ಬಿಗಿದರು. ರೇಡಿಯೇಟರು ತೊಳೆಸಿದರು. ಮುಂದಿನ ಚಕ್ರಗಳ ಕೀಲುಗಳಿಗೆ ಗ್ರೀಸ್ ಹೊಡೆದು ಎಷ್ಟು ಕಾಲವಾಯಿತೆಂದು ನನ್ನನ್ನು ಕೇಳಿದರು. ನಾನು ಆಕಾಶ ನೋಡಿದೆ. ಒಟ್ಟು ಖರ್ಚು ಆ ಚೀಟಿಯ ಮೊತ್ತದ ಆರರಲ್ಲಿ ಒಂದು ಪಾಲೂ ಆಗಲಿಲ್ಲ.

ಕೀರ್ತಿವರ್ಮನ ನೆನಪಾದದ್ದು ಅಲ್ಲಿ ನಿಂತಾಗ. ಮಾತು ಬಾರದ ಪ್ರಾಣಿಯ ನೋವನ್ನು ಹೊರಗಿನ ಗುರುತಿನಿಂದ ತಿಳಿಯಬೇಕಾದ ವೈದ್ಯವದು. ಅದೇ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳ ಲಕ್ಷಣಗಳನ್ನು ಬರೆದಿಟ್ಟನು. ಗೋವೈದ್ಯದಲ್ಲಿ ಔಷಧದೊಡನೆ ಮಂತ್ರವೂ ಬೆರೆತಿದೆಯೆಂದು ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ; ಆಟೋನಗರದಿಂದ ಹೊರಡುವ ಲಾರಿಗಳ ಬಂಪರಿನ ನಿಂಬೆಹಣ್ಣು ಮೆಣಸಿನಕಾಯಿ ಕಂಡವರು ಅದಕ್ಕೆ ನಗಲಾರರು. ಅಂದು ಎತ್ತಿನ, ಕುದುರೆಯ ವಿದ್ಯೆ ಅರಮನೆಯ ಲೇಖನಿಗೆ ಬಂತು. ಇಂದು ಗಾಡಿಯ ವಿದ್ಯೆ ಎಲ್ಲಿದೆ? ಎಪ್ಪತ್ತರ ಹತ್ತಿರದ ಉಸ್ತಾದರ ಕಿವಿಯಲ್ಲಿ, ಬೆರಳಿನಲ್ಲಿ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಹೊಸ ಗಾಡಿಗಳಿಗೆ ಕಂಪ್ಯೂಟರಿನ ತಂತಿ ಚುಚ್ಚಿದರೆ ರೋಗದ ನಂಬರು ಮೂಡುತ್ತದೆ. ಅದೂ ವಿದ್ಯೆಯೇ, ಅಲ್ಲವೆನ್ನಲಾರೆ. ಆದರೆ ಆ ತಂತಿಗೆ ನನ್ನ ಗಾಡಿಯಲ್ಲಿ ಜಾಗವಿಲ್ಲ.

ಗಾಡಿಗೂ ದಿನಗಳು ಸುಲಭವಲ್ಲ. ಹದಿನೈದು ವರ್ಷ ದಾಟಿದ ಕಾರು ಐದೈದು ವರ್ಷಕ್ಕೆ ತಪಾಸಣೆಗೆ ನಿಂತು ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ 10,000 ಆಯಿತು. ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಯುತ್ತಿರುವುದರಿಂದ ಹಳೆಯ ರಬ್ಬರಿನ ಕೊಳವೆ, ಪಂಪಿನೊಳಗಿನ ಪೊರೆ ಬೇಗ ಹಾಳಾಗುತ್ತವೆಂದು ಉಸ್ತಾದರು ಅವನ್ನೆಲ್ಲ ಬದಲಿಸಿದ್ದಾರೆ. ಮುಂದಿನ ತಪಾಸಣೆಯಲ್ಲಿ ಗಾಡಿ ಉಳಿಯುತ್ತದೋ ಗುಜರಿಗೆ ಹೋಗುತ್ತದೋ ಹೇಳಲಾರೆ.

ಅದಿರಲಿ. ಕಳೆದ ದೀಪಾವಳಿಯಿಂದ ನಾನೊಂದು ನೋಟುಬುಕ್ಕು ಇಟ್ಟಿದ್ದೇನೆ. ಭಾನುವಾರ ಗ್ಯಾರೇಜಿನಲ್ಲಿ ಕುಳಿತು ಉಸ್ತಾದರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಅವರಿಗೆ ಕನ್ನಡ ಓದಲು ಬಾರದು. ಕಲಿತದ್ದು ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಹೋದ ವಾರ ಅಷ್ಟನ್ನೂ ಗಟ್ಟಿಯಾಗಿ ಓದಿ ಹೇಳೆಂದರು. ಕಣ್ಣು ಮುಚ್ಚಿ ಕೇಳುತ್ತ ಕುಳಿತವರು ಒಂದು ಕಡೆ ಕೈಯೆತ್ತಿ ತಡೆದರು.

“ಟ್ಯಾಪೆಟ್ ಸಂದು ಹದಿನೈದು ಥೌ ಅಂತ ಬರದೀರಿ, ಖರೇ ಅದ. ಆದ್ರ ಇಂಜನ್ ತಣ್ಣಗ ಇದ್ದಾಗ ಅಂತ ಬರದಿಲ್ಲ. ಅದನ್ನ ಬರೀರಿ.”

ಅಂಚಿನಲ್ಲಿ ಬರೆದುಕೊಂಡೆ.