ಘಟ್ಟದ ಮಕ್ಕಳು ಕೇಳುವ ಕಡಲಿನ ಪ್ರಶ್ನೆ

ಪಶ್ಚಿಮದ ಕಡಲು ಇಷ್ಟು ಹತ್ತಿರ ಇರುವಾಗ ಕಾವೇರಿ ಪೂರ್ವಕ್ಕೆ ಯಾಕೆ ಹೋಗುತ್ತಾಳೆ? ತಲಕಾವೇರಿಯ ಮೆಟ್ಟಿಲ ಮೇಲೆ ನಿಂತ ಮಗುವಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ. 1,276 ಮೀಟರ್ ಎತ್ತರದ ಆ ಜಾಗದಿಂದ ಅರಬ್ಬೀ ಸಮುದ್ರಕ್ಕೆ ನೇರ ಅಳತೆಯಲ್ಲಿ ಸುಮಾರು 50 ಕಿಲೋಮೀಟರ್. ಕಾವೇರಿಯಾದರೋ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಸೇರುತ್ತಾಳೆ. ಅದೇ ಕೊಡಗಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಕಡಲಿಗೆ ಇಳಿಯುತ್ತದೆ. ಬರಪೊಳೆಯೂ ಪಶ್ಚಿಮಕ್ಕೇ ಹೋಗುತ್ತದೆ.

ಇಂಥ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರವೇ ಇರಲಿಲ್ಲ, ಮಕ್ಕಳ ವಿಜ್ಞಾನವೆಲ್ಲ ಯೂಟ್ಯೂಬ್ ಬಂದ ಮೇಲಿನದು ಎಂಬ ಮಾತು ಈಚೆಗೆ ಸಲೀಸಾಗಿ ಓಡಾಡುತ್ತಿದೆ. ಹಳೆಯ ಸಂಚಿಕೆಗಳನ್ನು ತೆರೆದು ನೋಡದವರ ಮಾತು ಅದು.

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಪತ್ರಿಕೆ ತಂದದ್ದು ಕಳೆದ ಶತಮಾನದ ಎರಡನೇ ದಶಕದಲ್ಲಿ. ಅದು ದೊಡ್ಡವರ ಓದು. ಮಕ್ಕಳಿಗೆಂದೇ ಜಗತ್ತನ್ನು ಕಟ್ಟಿಕೊಟ್ಟವರು ಶಿವರಾಮ ಕಾರಂತರು. 1936ರ ‘ಬಾಲಪ್ರಪಂಚ’ ಒಬ್ಬರೇ ಕೂತು ಮಾಡಿದ ಕೆಲಸ. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. ಇವೆಲ್ಲ ದೊಡ್ಡ ಸಾಹಸಗಳೇ. ಆದರೆ ಇಲ್ಲಿ ಹೇಳುವವರು ಹಿರಿಯರು, ಕೇಳಿಸಿಕೊಳ್ಳುವವರು ಮಕ್ಕಳು.

ಮಕ್ಕಳು ಪ್ರಶ್ನೆ ಕೇಳುವವರಾದದ್ದು 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಶುರುವಾದ ಮೇಲೆ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿ ಅದಕ್ಕೆ ಬೆನ್ನೆಲುಬಾಯಿತು. ಪತ್ರಿಕೆಯನ್ನು ರೂಪಿಸಿದ ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ ಇವರೆಲ್ಲ ತರಗತಿಯಲ್ಲಿ ಪಾಠ ಹೇಳಿ ಪಳಗಿದವರು. ಮಗುವಿನ ‘ಯಾಕೆ’ಗೆ ಕಠಿಣ ಪದವೊಂದನ್ನು ಎಸೆದು ಬಾಯಿ ಮುಚ್ಚಿಸುವುದು ಅವರ ಜಾಯಮಾನವೇ ಅಲ್ಲ.

ಹೊಳೆಯ ನೀರು ಸಿಹಿ, ಕಡಲು ಯಾಕೆ ಉಪ್ಪು ಎಂಬುದನ್ನೇ ನೋಡಿ. ಈ ಪರಂಪರೆಯ ಮೇಷ್ಟ್ರು ಮೊದಲು ತಟ್ಟೆಯಲ್ಲಿ ಉಪ್ಪುನೀರು ಹಾಕಿ ಬಿಸಿಲಿಗಿಡಲು ಹೇಳುತ್ತಾರೆ. ನೀರು ಆರಿದ ಮೇಲೆ ಅಂಚಿನಲ್ಲಿ ಬಿಳಿ ಪೊರೆ ನಿಲ್ಲುತ್ತದೆ. ಅದನ್ನು ಬೆರಳಿಂದ ಕೆರೆದು ನಾಲಿಗೆಗೆ ಹಚ್ಚಿದ ಮೇಲೆಯೇ ವಿವರಣೆ: ಮಳೆನೀರು ಕಲ್ಲನ್ನು ಚೂರುಚೂರೇ ಕರಗಿಸುತ್ತದೆ, ಹೊಳೆ ಅದನ್ನು ಒಯ್ಯುತ್ತದೆ, ಬಿಸಿಲು ಕಡಲಿನಿಂದ ನೀರನ್ನಷ್ಟೇ ಎತ್ತಿಕೊಂಡು ಉಪ್ಪನ್ನು ಅಲ್ಲೇ ಬಿಡುತ್ತದೆ. ಒಂದು ಕಿಲೋ ಕಡಲನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಅದರಲ್ಲಿ ಕೊಡಗಿನ ಬಂಡೆಯ ಪಾಲೂ ಇದೆ ಎಂದು ತಿಳಿದ ಮಗು ಮಡಿಕೇರಿಯ ಮಳೆಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಅಂಕಣವನ್ನೂ ಇಲ್ಲಿ ನೆನೆಯಬೇಕು. ಅದಕ್ಕೂ ಅರ್ಧ ಶತಮಾನ ಮೊದಲು ಮಕ್ಕಳಿಗೆ ಹೇಳಲು ಹೊರಟಿದ್ದ ಕಾರಂತರು ಇಳಿವಯಸ್ಸಿನಲ್ಲಿ ಮಕ್ಕಳ ಪತ್ರಗಳಿಗೆ ಉತ್ತರ ಬರೆಯುತ್ತ ಕೂತರು.

ಕೊಡಗು ಈ ಪರಂಪರೆಗೆ ಕೊಟ್ಟ ದೊಡ್ಡ ಹೆಸರು ಜಿ.ಟಿ. ನಾರಾಯಣರಾವ್. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಗಣಿತ ಕಲಿಸಿ, ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗ ನೋಡಿಕೊಂಡವರು. ನಕ್ಷತ್ರ ತೋರಿಸಲು ಮಕ್ಕಳನ್ನೂ ದೊಡ್ಡವರನ್ನೂ ಬಯಲಿಗೆ ಕರೆದೊಯ್ಯುತ್ತಿದ್ದ ಅವರಿಂದ ಕನ್ನಡದ ಆಕಾಶ ಶ್ರೀಮಂತವಾಯಿತು. ನೆಲದ ಪಾಲಿಗೆ ಅಂಥ ಒಬ್ಬರು ಟಿ.ಆರ್. ಅನಂತರಾಮು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದ ಭೂವಿಜ್ಞಾನಿ. ಕಡಲಿನ ಪಾಲಿಗೆ ಯಾರು? ಕರಾವಳಿ 300 ಕಿಲೋಮೀಟರಿಗೂ ಹೆಚ್ಚು ಉದ್ದ ಇರುವ ರಾಜ್ಯದಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇರುವಾಗ, ಮಕ್ಕಳಿಗಾಗಿ ಕಡಲಿನ ಬಗ್ಗೆ ಬರೆದದ್ದು ಆಕಾಶದ ಬಗ್ಗೆ ಬರೆದದ್ದರ ಮುಂದೆ ತೀರಾ ತೆಳು.

ಈ ನಡುವೆ ಕ್ವಿಜ್ ಬಂತು. ಮರಿಯಾನಾ ಕಮರಿಯ ಆಳ ಸುಮಾರು 11 ಕಿಲೋಮೀಟರ್ ಎಂದವರಿಗೆ ಅಂಕ. ಅದನ್ನು ಅಳೆದದ್ದು ಹೇಗೆ ಎಂದು ಕೇಳಿದವರಿಗೆ ಏನೂ ಇಲ್ಲ. ಮಕ್ಕಳ ಕುತೂಹಲಕ್ಕೆ ಇದರಷ್ಟು ಹಾನಿ ಮಾಡಿದ್ದು ಬೇರೆ ಯಾವುದೂ ಇಲ್ಲ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಮಕ್ಕಳನ್ನು ತಮ್ಮೂರಿನ ಕೆರೆ, ಮಣ್ಣು, ಬಾವಿಗಳ ಕಡೆ ತಿರುಗಿಸಿತು ಎಂಬುದೇ ಸಮಾಧಾನ. ತಮ್ಮೂರಿನ ಮಣ್ಣನ್ನು ಅರಿಯುವುದು ಯಾಕೆ ಬೇಕೆಂದು ಕೊಡಗಿಗೆ ಮುಂದೆ ತಿಳಿಯಿತು.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದವು. ಅದಕ್ಕೂ ಒಂದು ತಿಂಗಳು ಮೊದಲು, ಜುಲೈ 9ರಂದು, ನೆಲ ಸಣ್ಣಗೆ ನಡುಗಿತ್ತು. ಜಲಸ್ಫೋಟವೋ ಭೂಕಂಪವೋ ಎಂದು ದೊಡ್ಡವರು ವಾದಿಸುತ್ತಿದ್ದಾಗ ಮಕ್ಕಳಿಗೆ ಬೇಕಿದ್ದ ಉತ್ತರ ಸರಳವಾಗಿತ್ತು: ಬಂಡೆಯ ಮೇಲೆ ದಪ್ಪಗೆ ಕೂತ ಸಡಿಲ ಮಣ್ಣು, ರಸ್ತೆಗೂ ಮನೆಗೂ ಕಡಿದ ಇಳಿಜಾರು, ಬಿಡದೆ ಸುರಿದ ಮಳೆ. ಇದನ್ನು ಕೊಡಗಿನ ಚಿತ್ರ, ಕೊಡಗಿನ ನಕ್ಷೆ ಇಟ್ಟು ಹೇಳುವ ಪುಸ್ತಕ ಪ್ರತಿ ಶಾಲೆಯ ಕಪಾಟಿನಲ್ಲಿ ಇರಬೇಕಿತ್ತು.

ಕಾವೇರಿಯ ಪ್ರಶ್ನೆಗೂ ಉತ್ತರ ಇದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಕಳಚಿಕೊಂಡಿತು. ಹಾಗೆ ಸೀಳಿದ ಅಂಚು ಎತ್ತರ ಉಳಿದು ಘಟ್ಟವಾಯಿತು, ದಕ್ಷಿಣದ ನೆಲ ಪೂರ್ವಕ್ಕೆ ವಾಲಿದೆ. ನೀರು ವಾಟ ಇದ್ದ ಕಡೆ ಹರಿಯುತ್ತದೆ.

ಇಂಥ ಉತ್ತರಗಳನ್ನು ಮಕ್ಕಳೇ ಹುಡುಕಲು ಬೇಕಾದ ಸಾಮಗ್ರಿಯೂ ಹತ್ತಿರದಲ್ಲೇ ಇದೆ. ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ಇದೆ. ಹೂಮಳೆಯಿಂದ ಮುಂಗಾರಿನವರೆಗೆ ದಿನದಿನದ ಲೆಕ್ಕ ಅದು. ಮುಂಗಾರಿನ ಮೋಡವಂತೂ ಅರಬ್ಬೀ ಕಡಲಿನಿಂದಲೇ ಏರಿ ಬಂದದ್ದು. ಬೆಳೆಗಾರರು ಆ ಹಳೆಯ ಪುಸ್ತಕಗಳನ್ನು ಪಕ್ಕದ ಶಾಲೆಯ ಮಕ್ಕಳಿಗೆ ತೆರೆದು ತೋರಿಸಲಿ. ಮೇಷ್ಟ್ರುಗಳು ಮಕ್ಕಳ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಂಡು ವಿಜ್ಞಾನ ಪರಿಷತ್ತಿಗೂ ವಿಶ್ವವಿದ್ಯಾನಿಲಯಕ್ಕೂ ಕಳುಹಿಸಲಿ.